ಬೀಗ ಕಾರ್ಡಿನಲ್ಲಿಲ್ಲ, ರೀಡರಿನಲ್ಲಿದೆ

ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡಿಯೊಂದಿದೆ. ಪಕ್ಕದಲ್ಲಿ 'ಲಾಕ್' ಎಂದು ಬರೆದಿರುತ್ತದೆ. ಅದನ್ನು ಕೆಳಕ್ಕೆ ಸರಿಸಿದರೆ ಕಾರ್ಡಿನೊಳಗೆ ಯಾವುದೋ ಸರ್ಕ್ಯೂಟ್ ಕಡಿದುಕೊಳ್ಳುತ್ತದೆ ಎಂದೇ ಬಹಳ ಮಂದಿಯ ನಂಬಿಕೆ. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರದ ಒಂದು ಹಳೆಯ ಫೋಟೊ ಸ್ಟುಡಿಯೊದಲ್ಲಿ ಆ ನಂಬಿಕೆ ಒಂದು ಚೂರು ಸೆಲೊಟೇಪಿಗೆ ಸೋತದ್ದನ್ನು ಕಣ್ಣಾರೆ ಕಂಡೆ. ಆ ಖುಷಿ ಇನ್ನೂ ಇಳಿದಿಲ್ಲ.

ತೀರ್ಥಹಳ್ಳಿ ಕಡೆಯ ದಂಪತಿ ಗೃಹಪ್ರವೇಶದ ವಿಡಿಯೊ ತುಂಬಿಸಿಕೊಂಡು ಹೋಗಲು ತಮ್ಮದೇ ಕಾರ್ಡ್ ತಂದಿದ್ದರು. ಸಹಾಯಕ ಹುಡುಗ ಅದನ್ನು ರೀಡರಿಗೆ ಸಿಕ್ಕಿಸಿ ಕಾಪಿ ಕೊಟ್ಟ. ಡಿಸ್ಕ್ 'ರೈಟ್ ಪ್ರೊಟೆಕ್ಟೆಡ್' ಎಂದು ಕಂಪ್ಯೂಟರ್ ಹಟ ಹಿಡಿಯಿತು. "ಅಣ್ಣಾ, ಲಾಕ್ ಆಗಿದೆ ಅಂತಿದೆ. ಆದ್ರೆ ಸರಿಸೋಕೆ ಗುಂಡಿನೇ ಇಲ್ಲ!" ಮಾಲೀಕರು ಕಾರ್ಡನ್ನು ಬೆಳಕಿಗೆ ಹಿಡಿದರು. ಗುಂಡಿ ಎಲ್ಲೋ ಉದುರಿಹೋಗಿ ಅಂಚಿನಲ್ಲಿ ಖಾಲಿ ಕಚ್ಚು ಮಾತ್ರ ಉಳಿದಿತ್ತು. "ಟೇಪ್ ಕೊಡೋ" ಎಂದವರೇ ಎಳೆಯಷ್ಟು ಅಗಲದ ತುಂಡು ಕತ್ತರಿಸಿ, ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳಿಗೆ ತಾಗದಂತೆ ಕಚ್ಚಿನ ಮೇಲೆ ಮಡಚಿ ಅಂಟಿಸಿದರು. ಮತ್ತೆ ಸಿಕ್ಕಿಸಿದಾಗ ಕಾಪಿಯ ಹಸಿರು ಪಟ್ಟಿ ಓಡತೊಡಗಿತು.

ಗುಟ್ಟು ಇಷ್ಟೆ. ಆ ಗುಂಡಿಗೂ ಕಾರ್ಡಿನ ಚಿಪ್ಪಿಗೂ ಯಾವ ತಂತಿಯ ನಂಟೂ ಇಲ್ಲ. ಗುಂಡಿ ಮೇಲಿದೆಯೋ ಕೆಳಗಿದೆಯೋ ಎಂಬುದು ಕಾರ್ಡಿಗೆ ತಿಳಿಯುವುದೇ ಇಲ್ಲ. ರೀಡರಿನ ಬಾಯೊಳಗೆ ಪುಟ್ಟ ಸ್ವಿಚ್ ಇರುತ್ತದೆ. ಅದು ಕಾರ್ಡಿನ ಅಂಚನ್ನು ತಡವುತ್ತದೆ. ಕಚ್ಚು ಮುಚ್ಚಿದ್ದರೆ ಬರೆಯಬಹುದು, ತೆರೆದಿದ್ದರೆ ಓದುವುದಷ್ಟೇ ಎಂದು ರೀಡರ್ ಕಂಪ್ಯೂಟರಿಗೆ ಹೇಳುತ್ತದೆ. ಈ ಸ್ವಿಚ್ ಇರಲೇಬೇಕೆಂಬ ಕಡ್ಡಾಯವೂ ಇಲ್ಲ. ಹಾಗಾಗಿ ಒಂದು ರೀಡರಿನಲ್ಲಿ ಬೀಗ ಬಿದ್ದ ಕಾರ್ಡ್ ಇನ್ನೊಂದರಲ್ಲಿ ಸಲೀಸಾಗಿ ಬರೆಸಿಕೊಳ್ಳಬಹುದು. ಲ್ಯಾಪ್‌ಟಾಪಿನ ಸ್ಲಾಟಿನಲ್ಲಿ ಧೂಳು ಕೂತು ಆ ಸ್ವಿಚ್ ಸಿಕ್ಕಿಕೊಂಡರಂತೂ ಗುಂಡಿ ಸರಿಯಿರುವ ಕಾರ್ಡಿಗೂ ಲಾಕ್ ಎಂದೇ ತೋರಿಸುತ್ತದೆ.

ಟೇಪ್‌ರೆಕಾರ್ಡರ್ ಕಾಲದವರಿಗೆ ಇದು ಹಳೆಯ ಪರಿಚಯ. ಆಡಿಯೊ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಚಕ್ಕೆ ಮುರಿದರೆ ಮೇಲೆ ರೆಕಾರ್ಡ್ ಆಗುತ್ತಿರಲಿಲ್ಲ. ಆ ತೂತಿಗೆ ಸೆಲೊಟೇಪ್ ಹಚ್ಚಿದರೆ ಮತ್ತೆ ಆಗುತ್ತಿತ್ತು. ಮೂರೂವರೆ ಇಂಚಿನ ಫ್ಲಾಪಿಯಲ್ಲೂ ಕಿಂಡಿ ತೆರೆದಿದ್ದರೆ ರಕ್ಷಣೆ, ಮುಚ್ಚಿದ್ದರೆ ಬರವಣಿಗೆ. ಅದಕ್ಕೂ ಹಿಂದಿನ ಐದೂಕಾಲು ಇಂಚಿನ ಫ್ಲಾಪಿ ಮಾತ್ರ ತದ್ವಿರುದ್ಧ: ಅಲ್ಲಿ ಕಚ್ಚಿಗೆ ಸ್ಟಿಕರ್ ಅಂಟಿಸಿದರೇ ಬೀಗ! ಇವೆಲ್ಲವುಗಳಲ್ಲೂ ತೀರ್ಮಾನ ಯಂತ್ರದ್ದು; ಕ್ಯಾಸೆಟ್, ಡಿಸ್ಕ್, ಕಾರ್ಡುಗಳದ್ದು ಬರೀ ಗುರುತು. ಮೈಕ್ರೊ ಎಸ್‌ಡಿಯಲ್ಲಿ ಆ ಗುರುತೂ ಇಲ್ಲ. 15 ಮಿ.ಮೀ. ಉದ್ದ, 11 ಮಿ.ಮೀ. ಅಗಲದ ಆ ಚೂರಿನಲ್ಲಿ ಗುಂಡಿಗೆ ಜಾಗವೆಲ್ಲಿ? ಅದನ್ನು ತೂರಿಸುವ ಅಡಾಪ್ಟರಿನ ಮೇಲೆ ಗುಂಡಿ ಇರುತ್ತದೆ. ಲಾಕ್ ಎಂದು ಬಂದಾಗ ಮೊದಲು ಅಡಾಪ್ಟರ್ ಬದಲಿಸಿ ನೋಡಬೇಕು, ಕಾರ್ಡನ್ನಲ್ಲ.

ಟೇಪಿಗೂ ಬಗ್ಗದ ಲಾಕ್ ಒಂದಿದೆ. ಸವೆದುಹೋದ ಕಾರ್ಡ್ ಕೆಲವೊಮ್ಮೆ ತಾನಾಗಿಯೇ ಬರವಣಿಗೆ ನಿಲ್ಲಿಸಿ, ಇದ್ದುದನ್ನು ಓದಲು ಮಾತ್ರ ಬಿಡುತ್ತದೆ. ಆಗ ಒಳಗಿರುವುದನ್ನು ಕೂಡಲೇ ಇಳಿಸಿಕೊಂಡು ಕಾರ್ಡನ್ನು ಎಸೆಯುವುದೇ ಸರಿ. ಟೇಪ್ ಹಚ್ಚಿದ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕುವುದು ಕೂಡ ನನಗೆ ಒಪ್ಪಿಗೆಯಿಲ್ಲ. ಅಂಟು ಬಿಟ್ಟು ಒಳಗೇ ಸಿಕ್ಕಿಕೊಂಡರೆ ತೆಗೆಯುವವರು ಯಾರು?

ಕಾರ್ಡುಗಳ ಚರಿತ್ರೆ ಪೈಪೋಟಿಯ ಚರಿತ್ರೆ. 1994ರಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್, ಮರುವರ್ಷ ಸ್ಮಾರ್ಟ್‌ಮೀಡಿಯಾ, 1998ರಲ್ಲಿ ಸೋನಿಯ ಮೆಮೊರಿ ಸ್ಟಿಕ್, 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್‌ಗಳ ಎಕ್ಸ್‌ಡಿ. ನಡುವೆ, 1999ರಲ್ಲಿ, ಸ್ಯಾನ್‌ಡಿಸ್ಕ್, ಪ್ಯಾನಸಾನಿಕ್, ತೊಶಿಬಾ ಸೇರಿ ತಂದ ಎಸ್‌ಡಿ ಕಡೆಗೆ ಗೆದ್ದಿತು. ಹಳೆಯ ರೀಡರುಗಳಿಗೆ ಅಷ್ಟೊಂದು ಬಾಯಿಗಳಿದ್ದದ್ದು ಈ ಜಗಳದಿಂದಲೇ.

ಕೇಬಲ್ ಇದೆ, ವೈಫೈ ಇದೆ, ರೀಡರ್ ಏಕೆ ಎಂದು ಕೇಳುವವರಿದ್ದಾರೆ. ನಾನಂತೂ ರೀಡರಿನ ಪಕ್ಷ. ಕೇಬಲ್ ಹಾಕಿದಾಗ ಕ್ಯಾಮೆರಾ ಸಾಮಾನ್ಯವಾಗಿ ತನ್ನ ಫೋಟೊಗಳ ಪಟ್ಟಿಯನ್ನಷ್ಟೇ ಕಂಪ್ಯೂಟರಿಗೆ ಒಪ್ಪಿಸುತ್ತದೆ. ರೀಡರಿನಲ್ಲಾದರೆ ಕಾರ್ಡ್ ಒಂದು ಪೂರ್ತಿ ಡಿಸ್ಕಾಗಿ ತೆರೆದುಕೊಳ್ಳುತ್ತದೆ. ಅಳಿಸಿದ ಫೋಟೊ ವಾಪಸ್ ಬೇಕಾದಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಡಿಲೀಟ್ ಒತ್ತಿದರೆ ಸಾಮಾನ್ಯವಾಗಿ ಅಳಿಯುವುದು ವಿಳಾಸ ಮಾತ್ರ. ಆ ಜಾಗದ ಮೇಲೆ ಹೊಸದೇನೂ ಬರೆಯದಿದ್ದರೆ ಚಿತ್ರ ಅಲ್ಲೇ ಇರುತ್ತದೆ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಉಚಿತ ತಂತ್ರಾಂಶ ಫೋಟೊರೆಕ್ ಕಾರ್ಡನ್ನು ತುದಿಯಿಂದ ತುದಿಗೆ ಜಾಲಾಡಿ ಅಂಥವನ್ನು ಹೆಕ್ಕುತ್ತದೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಇಳಿಸಬಾರದು, ಬೇರೆ ಡಿಸ್ಕಿಗೆ ಇಳಿಸಬೇಕು. ಇಂಥ ಹೊತ್ತಿನಲ್ಲಿ ರೀಡರಿಗೆ ಆ ಸ್ವಿಚ್ ಇದ್ದು ಲಾಕ್ ಗುಂಡಿ ಕೆಳಗಿದ್ದರೆ ಕಂಪ್ಯೂಟರ್ ಅಪ್ಪಿತಪ್ಪಿಯೂ ಮೇಲೆ ಏನನ್ನೂ ಬರೆಯದು.

ಆ ಸ್ಟುಡಿಯೊದಲ್ಲಿ ಇದೇ ಪದ್ಧತಿ. ಮದುವೆ ಮನೆಯಲ್ಲಿ ಕಾರ್ಡ್ ಕ್ಯಾಮೆರಾದಿಂದ ಹೊರಬಂದ ಕೂಡಲೇ ಗುಂಡಿ ಕೆಳಕ್ಕೆ. ಸ್ಟುಡಿಯೊಗೆ ಬಂದಮೇಲೆ ರೀಡರ್ ಸಿಪಿಯುನ ನೀಲಿ ಪೋರ್ಟಿಗೇ ಹೋಗಬೇಕು, ಕಪ್ಪು ಪೋರ್ಟಿಗೆ ಹಾಕಿದರೆ ಹುಡುಗನಿಗೆ ಬೈಗುಳ. ಬೈಯಲು ಕಾರಣವೂ ಇದೆ. ಕಪ್ಪು ಪೋರ್ಟಿನ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಸುಮಾರು 30 ಎಂ.ಬಿ. ಇಳಿದರೆ ಅದೇ ಹೆಚ್ಚು. ತುಂಬಿದ 64 ಜಿ.ಬಿ. ಕಾರ್ಡ್ ಅರ್ಧ ಗಂಟೆ ಮೀರಿ ತಿನ್ನುತ್ತದೆ. ನೀಲಿ ಪೋರ್ಟಿನಲ್ಲಿ 90 ಎಂ.ಬಿ. ವೇಗದ ಕಾರ್ಡ್ ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ಮುಹೂರ್ತಗಳ ದಿನಗಳಲ್ಲಿ ಕಾರ್ಡುಗಳು ಸಾಲುಗಟ್ಟಿ ಕಾಯುವಾಗ ಇದು ಸಣ್ಣ ಉಳಿತಾಯವಲ್ಲ. ಕಾಪಿ ಎರಡು ಡಿಸ್ಕಿಗೆ. ಆಮೇಲೆ ಕೊನೆಯ ಫೋಟೊ ತೆರೆದು ನೋಡುವುದು, 'ಎಜೆಕ್ಟ್' ಕೊಟ್ಟೇ ಕಾರ್ಡ್ ಎಳೆಯುವುದು. ಕಂಪ್ಯೂಟರಿನಿಂದ ಡಿಲೀಟ್ ಮಾಡುವುದು ಅಲ್ಲಿ ನಿಷಿದ್ಧ. ಆಲ್ಬಂ ಪಾರ್ಟಿಯ ಕೈ ಸೇರಿದ ಮೇಲೆಯೇ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲೇ.