ಉಪ್ಪು, ಸಕ್ಕರೆ, ನೀರು: ಗೊತ್ತಿದ್ದೂ ಸಿಗದ ಮದ್ದು

ನನ್ನ ತಂಗಿ ತೀರಿಕೊಂಡದ್ದು 1974ರ ಶ್ರಾವಣದಲ್ಲಿ. ಸೊರಬ ತಾಲ್ಲೂಕಿನ ನಮ್ಮ ಹಳ್ಳಿಗೆ ಆಗ ಮಳೆಗಾಲದಲ್ಲಿ ಬಸ್ಸು ಬರುತ್ತಿರಲಿಲ್ಲ. ಎರಡು ವರ್ಷದ ಆ ಮಗುವಿಗೆ ನಸುಕಿನಲ್ಲಿ ಶುರುವಾದ ವಾಂತಿಭೇದಿ ಮರುದಿನ ಸಂಜೆಯ ಹೊತ್ತಿಗೆ ಕಣ್ಣುಗಳನ್ನು ಗುಳಿಗೆ ಇಳಿಸಿತ್ತು. ಅದು ನೀರು ಕೇಳುತ್ತಲೇ ಇತ್ತು. ಅವ್ವ ಲೋಟ ಹಿಡಿದು ಬಂದಾಗ ಅಜ್ಜಿ ತಡೆದಳು. ಭೇದಿಯಾಗುವಾಗ ನೀರು ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತದೆ, ಕರುಳಿಗೆ ವಿಶ್ರಾಂತಿ ಬೇಕು ಎಂಬುದು ಅವಳ ತಿಳಿವಳಿಕೆಯಾಗಿತ್ತು. ಅಜ್ಜಿಯನ್ನು ದೂಷಿಸಲು ಈ ಲೇಖನ ಬರೆಯುತ್ತಿಲ್ಲ. ಭೇದಿಯಾದ ಮಗುವನ್ನು ಉಪವಾಸ ಕೆಡವುವ ಪದ್ಧತಿ ಒಂದು ಕಾಲಕ್ಕೆ ಪಾಶ್ಚಾತ್ಯ ವೈದ್ಯರಲ್ಲೂ ಇತ್ತು. ಅಲ್ಲದೆ ಅವಳು ಕೈಕಟ್ಟಿ ಕುಳಿತಿರಲಿಲ್ಲ. ಹಿತ್ತಲಿನ ದೊಡ್ಡಪತ್ರೆಯನ್ನು ಬಾಡಿಸಿ, ಹಿಂಡಿ, ರಸವನ್ನು ಹನಿ ಹನಿಯಾಗಿ ಮಗುವಿನ ನಾಲಿಗೆಗೆ ಬಿಡುತ್ತಿದ್ದಳು. ವಾಂತಿ ನಿಂತಿತು. ಸ್ವಲ್ಪ ಹೊತ್ತಿಗೆ ಮಗುವೂ ಸುಮ್ಮನಾಯಿತು.

ಸೊರಬದ ಹೆಸರು ವೈದ್ಯಕೀಯ ಗ್ರಂಥಗಳಲ್ಲಿ ಅಜರಾಮರವಾಗಿದೆ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದಾಗ, ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂಬ ಆತಂಕ ಉಂಟಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ರಾಕ್‌ಫೆಲರ್ ಪ್ರತಿಷ್ಠಾನದ ತಜ್ಞರು ಇಲ್ಲಿಗೆ ಧಾವಿಸಿದರು. ಉಣುಗುಗಳನ್ನು ಹೆಕ್ಕಿದರು, ರಕ್ತ ಸಂಗ್ರಹಿಸಿದರು, ಹೊಸ ವೈರಸ್ಸೊಂದನ್ನು ಗುರುತಿಸಿ ಅದಕ್ಕೆ ನಮ್ಮ ಕಾಡಿನ ಹೆಸರನ್ನೇ ಇಟ್ಟರು. ಅದು ಆಗಬೇಕಾದ ಕೆಲಸವೇ ಆಗಿತ್ತು. ಆದರೆ ಪ್ರತಿ ಮಳೆಗಾಲದಲ್ಲೂ ಕೆರೆಯ ನೀರು ಕೆಂಪಾದೊಡನೆ ಬರುತ್ತಿದ್ದ, ಯಾರಿಗೂ ಹೊಸದೆನಿಸದಿದ್ದ ಭೇದಿಗೆ ಯಾವ ವಿಜ್ಞಾನಿಯೂ ಜೀಪು ಹತ್ತಿ ಬರಲಿಲ್ಲ. ಅಪರೂಪದ ಕಾಯಿಲೆಗೆ ಇರುವ ಆಕರ್ಷಣೆ ನಿತ್ಯದ ಕಾಯಿಲೆಗೆ ಇರುವುದಿಲ್ಲ.

ಅಜ್ಜಿಯ ದೊಡ್ಡಪತ್ರೆಯ ವಿಷಯ ನನ್ನನ್ನು ಬಹುಕಾಲ ಕಾಡಿತ್ತು. ವರ್ಷಗಳ ಬಳಿಕ, ಕಾಲರಾ ಚಿಕಿತ್ಸೆಯ ಇತಿಹಾಸವನ್ನು ಓದುತ್ತಿದ್ದಾಗ ಅದೇ ಎಲೆ ಮತ್ತೆ ಎದುರಾಯಿತು. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದ್ದರು. ಕಾಲರಾ ರೋಗಿಗಳ ವಾಂತಿಯನ್ನು ಮೊದಲು ನಿಲ್ಲಿಸಿ, ಬಳಿಕ ಉಪ್ಪು ಹಾಗೂ ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಅವರು 186 ಮಂದಿಯನ್ನು ಗುಣಪಡಿಸಿದ್ದರು. ಅವರು ಪ್ರಯೋಗಿಸಿದ ಮದ್ದುಗಳಲ್ಲಿ ದೊಡ್ಡಪತ್ರೆಯ ರಸವೂ ಒಂದು! ನನ್ನ ತಂಗಿ ಹುಟ್ಟುವುದಕ್ಕೆ ಸುಮಾರು ಎರಡು ದಶಕ ಮೊದಲು, ಅಜ್ಜಿ ಮಾಡಿದ್ದನ್ನೇ ಮಾಡಿದ ಈ ವೈದ್ಯರು, ಅಜ್ಜಿ ಮಾಡದೆ ಬಿಟ್ಟ ಎರಡನೆಯ ಹೆಜ್ಜೆಯನ್ನೂ ಇಟ್ಟಿದ್ದರು.

ಆದರೆ ಅವರ ವರದಿಯನ್ನು ಜಗತ್ತು ಲಕ್ಷಿಸಲಿಲ್ಲ. ಕಾರಣಗಳು ಸರಳ. ಹೋಲಿಕೆಗೆ ಮತ್ತೊಂದು ಗುಂಪಿನ ರೋಗಿಗಳು ಇರಲಿಲ್ಲ. ಕುಡಿದದ್ದೆಷ್ಟು, ಹೊರಹೋದದ್ದೆಷ್ಟು ಎಂಬ ಲೆಕ್ಕವಿರಲಿಲ್ಲ. ಇದು ಏಕೆ ಕೆಲಸ ಮಾಡುತ್ತದೆಂಬ ವಿವರಣೆಯೂ ಆಗ ಯಾರಲ್ಲೂ ಇರಲಿಲ್ಲ. ಪಶ್ಚಿಮದ ಅಹಂಕಾರ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೂ ಲೆಕ್ಕವಿಡದ ಸತ್ಯ ಎಷ್ಟು ಸುಲಭವಾಗಿ ಕಳೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ತಿಳಿದಿಲ್ಲ.

ವಿವರಣೆ ಬಂದದ್ದು ಬೇರೆ ದಾರಿಯಿಂದ. 1959ರಲ್ಲಿ ಕಲ್ಕತ್ತೆಯವರೇ ಆದ ಶಂಭುನಾಥ ಡೇ, ಕಾಲರಾ ಕ್ರಿಮಿ ಸ್ರವಿಸುವ ವಿಷವೇ ಕರುಳಿನಿಂದ ನೀರನ್ನು ಹೊರಸುರಿಸುತ್ತದೆಂದು ಮೊಲಗಳ ಕರುಳಿನ ಮೇಲಿನ ಪ್ರಯೋಗದಿಂದ ತೋರಿಸಿದರು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಅಮೆರಿಕನ್ ವಿಜ್ಞಾನಿ, ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಿನಿಂದ ಜೋಡಿಯಾಗಿ ಒಳಬರುತ್ತವೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಅವುಗಳ ಹಿಂದೆಯೇ ನೀರೂ ಬರುತ್ತದೆ. ಕಾಲರಾ ಈ ಬಾಗಿಲನ್ನು ಮುಚ್ಚುವುದಿಲ್ಲ ಎಂಬುದೇ ಇಡೀ ಚಿಕಿತ್ಸೆಯ ಕೀಲಿಕೈ. ಬರೀ ನೀರು ಸಾಲದು, ಬರೀ ಉಪ್ಪಿನ ನೀರೂ ಸಾಲದು. ಉಪ್ಪಿನ ಜೊತೆ ಸಕ್ಕರೆ ತಕ್ಕ ಪ್ರಮಾಣದಲ್ಲಿ ಇರಬೇಕು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ರೋಗಿಯ ದೇಹದಿಂದ ಹೊರಹೋದ ದ್ರವವನ್ನು ಗಂಟೆ ಗಂಟೆಗೂ ಅಳೆದು, ಅಷ್ಟನ್ನೇ ಬಾಯಿಯ ಮೂಲಕ ತುಂಬಿಕೊಡಬಹುದೆಂದು ಪ್ರಕಟಿಸಿದರು. ಚಟರ್ಜಿ ಇಡದೆ ಹೋದ ಲೆಕ್ಕವನ್ನು ಇವರು ಇಟ್ಟರು.

ಆಸ್ಪತ್ರೆಯ ಹಾಸಿಗೆಯಿಂದ ಇದು ಬಯಲಿಗೆ ಬಂದದ್ದು 1971ರಲ್ಲಿ. ಬಾಂಗ್ಲಾ ನಿರಾಶ್ರಿತರಿಂದ ತುಂಬಿಹೋಗಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ನರಕ್ಕೆ ಹಾಕುವ ಸಲೈನ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಾಲನಾಬಿಸ್ ಬೇರೆ ದಾರಿಯಿಲ್ಲದೆ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಇರುವ ಪೊಟ್ಟಣಗಳನ್ನು ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ನಿಧನರಾದರು. ಪದ್ಮವಿಭೂಷಣ ಮರುವರ್ಷ, ಮರಣೋತ್ತರವಾಗಿ ಬಂತು. ಬದುಕಿದ್ದಾಗ ಅವರ ಹೆಸರು ಎಷ್ಟು ಮಂದಿಗೆ ಗೊತ್ತಿತ್ತು?

ಅಲ್ಲಿ 1971. ನಮ್ಮ ಮನೆಯಲ್ಲಿ 1974. ಬನಗಾಂವ್‌ನಿಂದ ಸೊರಬಕ್ಕೆ ಮೂರು ವರ್ಷದಲ್ಲಿ ತಲುಪಬೇಕಾಗಿದ್ದದ್ದು ಒಂದೇ ಒಂದು ವಾಕ್ಯ: ನೀರು ಕೊಡಿ, ಅದಕ್ಕೆ ಉಪ್ಪು ಸಕ್ಕರೆ ಹಾಕಿ ಕೊಡಿ. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡೂ ಅಜ್ಜಿಯ ಅಡುಗೆಮನೆಯಲ್ಲಿದ್ದವು.

ಮನೆಮದ್ದನ್ನು ಕುರಿತು ನಮ್ಮಲ್ಲಿ ಎರಡು ಅತಿರೇಕಗಳಿವೆ. ಎಲ್ಲವೂ ಮೌಢ್ಯ ಎನ್ನುವವರು ಒಂದೆಡೆ, ಎಲ್ಲವೂ ಋಷಿಗಳ ವರ ಎನ್ನುವವರು ಇನ್ನೊಂದೆಡೆ. ಮಲೆನಾಡಿನಲ್ಲಿ ಕೊಡಸಿಗದ ಹೂವಿನ ತಂಬುಳಿ ಹೊಟ್ಟೆಗೆ ಒಳ್ಳೆಯದೆಂದು ಇಂದಿಗೂ ಮಾಡುತ್ತಾರೆ. ರುಚಿಯೂ ಚೆನ್ನ. ಇದೇ ಮರ ಆಯುರ್ವೇದದ ಕುಟಜ. ಇದರ ತೊಗಟೆ ಆಮಶಂಕೆಗೆ ಪ್ರಸಿದ್ಧ ಔಷಧ. ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ರಾಮನಾಥ ಚೋಪ್ರಾ 1920ರ ದಶಕದಲ್ಲಿ ಇದನ್ನು ಕ್ರಮಬದ್ಧ ಪರೀಕ್ಷೆಗೆ ಒಳಪಡಿಸಿದರು. ತೊಗಟೆಯಲ್ಲಿರುವ ಕೊನೆಸಿನ್ ಎಂಬ ಕ್ಷಾರಕ್ಕೆ ಅಮೀಬಾದ ಮೇಲೆ ನಿಜವಾದ ಪರಿಣಾಮವಿದೆ. ಆದರೆ ಶುದ್ಧೀಕರಿಸಿ ಕೊಟ್ಟಾಗ ಕೆಲವು ರೋಗಿಗಳಲ್ಲಿ ಅದು ನರಮಂಡಲಕ್ಕೆ ತೊಂದರೆ ಕೊಟ್ಟದ್ದೂ ನಿಜ. 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಬಂದ ಮೇಲೆ ಅದು ಹಿಂದೆ ಸರಿಯಿತು. ಅಜ್ಜಿಗೆ ‘ಹೊಟ್ಟೆ ಕೆಟ್ಟದ್ದು’ ಎಂಬುದು ಒಂದೇ ಕಾಯಿಲೆ. ವೈರಸ್ಸಿನ ಭೇದಿ, ಅಮೀಬಾದ ಆಮಶಂಕೆ, ಕಾಲರಾ ಎಂದು ಬೇರೆ ಬೇರೆ ಇರಲಿಲ್ಲ. ಒಂದಕ್ಕೆ ಮದ್ದಾದ ತೊಗಟೆ ಇನ್ನೊಂದಕ್ಕೆ ನಿರರ್ಥಕ ಎಂಬುದನ್ನು ಕಂಡುಹಿಡಿಯಲು ಸೂಕ್ಷ್ಮದರ್ಶಕವೂ ಬೇಕು, ತಾಳ್ಮೆಯೂ ಬೇಕು.

ಪರೀಕ್ಷೆ ನಿರ್ದಾಕ್ಷಿಣ್ಯವಾದುದು. ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ, ಯಾವ ಲಕ್ಷಣವೂ ಇಲ್ಲದ ನಗರದ ನವಜಾತ ಶಿಶುಗಳಲ್ಲಿ ಸೌಮ್ಯ ಸ್ವಭಾವದ ರೋಟಾವೈರಸ್ ತಳಿಯೊಂದನ್ನು ಕಂಡುಹಿಡಿಯಿತು. ಐ321 ಎಂಬ ಆ ತಳಿ ಲಸಿಕೆಯಾಗಬಹುದೆಂಬ ಆಸೆ ಇತ್ತು. ದೆಹಲಿಯ ಎಐಐಎಂಎಸ್‌ನಲ್ಲಿ ಸಿಕ್ಕಿದ್ದ 116ಇ ಎಂಬ ತಳಿಯೊಡನೆ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದಾಗ ಬೆಂಗಳೂರಿನ ತಳಿ ಹಿಂದೆ ಬಿತ್ತು. ಸಾಕಷ್ಟು ರೋಗನಿರೋಧಕ ಪ್ರತಿಕ್ರಿಯೆ ಅದರಿಂದ ಬರಲಿಲ್ಲ. ಗೆದ್ದ ದೆಹಲಿಯ ತಳಿಯಿಂದ ‘ರೋಟಾವ್ಯಾಕ್’ ತಯಾರಾಗಿ, 2014ರಲ್ಲಿ ಪರವಾನಗಿ ಪಡೆಯಿತು. ರೋಟಾವೈರಸ್ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿ, 2019ರಲ್ಲಿ ಕರ್ನಾಟಕಕ್ಕೂ ಬಂತು. ತೀವ್ರ ರೋಟಾವೈರಸ್ ಭೇದಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ತಡೆಯುವ ಲಸಿಕೆ ಅದು. ಸೋತ ತಳಿಯ ಬಗ್ಗೆ ಯಾರೂ ಮೆರವಣಿಗೆ ಮಾಡುವುದಿಲ್ಲ. ಆದರೆ ಅದು ಸೋತಿದೆಯೆಂದು ಅರಿತದ್ದೂ ಸಂಶೋಧನೆಯೇ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮದ್ದು ಅಗ್ಗ, ಎಲ್ಲರಿಗೂ ಗೊತ್ತು, ಅಂಗಡಿಯಲ್ಲಿದೆ. ಆದರೂ ಕೊಡುವುದಿಲ್ಲವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಅಧ್ಯಯನವೊಂದು 2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ನಡೆದದ್ದು ಕರ್ನಾಟಕ ಮತ್ತು ಬಿಹಾರದ 253 ಮಧ್ಯಮ ಗಾತ್ರದ ಪಟ್ಟಣಗಳಲ್ಲಿ. ತರಬೇತಿ ಪಡೆದವರು, ‘ಎರಡು ವರ್ಷದ ಮಗುವಿಗೆ ಭೇದಿಯಾಗುತ್ತಿದೆ’ ಎಂದು ತಂದೆಯ ವೇಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಮುಂದೆ ಹೋಗಿ ನಿಂತರು. ಒಆರ್‌ಎಸ್ ಬರೆದುಕೊಡದಿರಲು ದಾಸ್ತಾನಿಲ್ಲದ್ದು ಕಾರಣವಾದದ್ದು ಶೇ. 6ರಷ್ಟು, ಹಣದ ಆಸೆ ಕಾರಣವಾದದ್ದು ಶೇ. 5ರಷ್ಟು ಮಾತ್ರ. ಶೇ. 42ರಷ್ಟಕ್ಕೆ ಕಾರಣ ಬೇರೆಯೇ: ರೋಗಿಗಳಿಗೆ ಅದು ಬೇಡವೆಂದು ಚಿಕಿತ್ಸಕರು ಭಾವಿಸಿದ್ದರು. ಆದರೆ ಪೋಷಕರನ್ನೇ ಕೇಳಿದಾಗ, ಅದನ್ನು ಬಯಸುವವರು ಚಿಕಿತ್ಸಕರು ಊಹಿಸಿದ್ದಕ್ಕಿಂತ ಬಹಳ ಹೆಚ್ಚಿದ್ದರು. ಬೇಕೆಂದು ಬಾಯಿಬಿಟ್ಟು ಕೇಳಿದವರಿಗೆ ಒಆರ್‌ಎಸ್ ದೊರೆಯುವ ಸಾಧ್ಯತೆ ಗಣನೀಯವಾಗಿ ಏರಿತು.

ನಮ್ಮ ವೈದ್ಯರು ಲೋಭಿಗಳೆಂಬ ಸುಲಭ ಸಿಟ್ಟಿಗೆ ಈ ಅಂಕಿಗಳು ಆಸ್ಪದ ಕೊಡುವುದಿಲ್ಲ. ನನಗೂ ಆ ಸಿಟ್ಟಿತ್ತು. ಒಪ್ಪಿಕೊಳ್ಳುತ್ತೇನೆ.

ಅದನ್ನು ಓದಿದ ನಂತರದ ಒಂದು ಮುಂಗಾರಿನಲ್ಲಿ ಶಿಕಾರಿಪುರದ ತಮ್ಮನ ಮನೆಯಲ್ಲಿದ್ದೆ. ಅವನ ಮೊಮ್ಮಗಳಿಗೆ ರಾತ್ರಿಯಿಂದ ಭೇದಿ. ಬೆಳಿಗ್ಗೆ ಪಟ್ಟಣದ ಒಂದು ಖಾಸಗಿ ದವಾಖಾನೆಗೆ ಕರೆದೊಯ್ದೆವು. ವೈದ್ಯರು ಸಜ್ಜನರು, ಮಗುವಿನ ಹೊಟ್ಟೆಯ ಚರ್ಮವನ್ನು ಚಿವುಟಿ, ಅದು ಎಷ್ಟು ಬೇಗ ಹಿಂದಿರುಗುತ್ತದೆಂದು ನೋಡಿದರು. ನಂತರ ಚೀಟಿಯಲ್ಲಿ ಆಂಟಿಬಯೋಟಿಕ್ ಸಿರಪ್, ವಾಂತಿಯ ಮದ್ದು ಬರೆದರು. ನಾನು ಒಆರ್‌ಎಸ್ ಬೇಡವೇ ಎಂದೆ. ಅವರು ತಲೆಯೆತ್ತಿ ನೋಡಿದರು. ‘ಕೊಡಬೇಕು ಸಾರ್. ಆದರೆ ಬರೆದುಕೊಟ್ಟರೆ, ಬರೀ ಉಪ್ಪು ನೀರಿಗೆ ಫೀಸು ತಗೊಂಡ್ರಾ ಅಂತಾರೆ ಜನ’ ಎಂದರು. ಮಲದಲ್ಲಿ ರಕ್ತವಿಲ್ಲ, ಜ್ವರವಿಲ್ಲ, ಹಾಗಿದ್ದ ಮೇಲೆ ಆಂಟಿಬಯೋಟಿಕ್ ಏಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಚೀಟಿಯ ಕೊನೆಗೆ ಒಆರ್‌ಎಸ್ ಎಂದೂ, ಹದಿನಾಲ್ಕು ದಿನ ಜಿಂಕ್ ಎಂದೂ ಸೇರಿಸಿದರು. ಭೇದಿಯಾದ ಮಕ್ಕಳಿಗೆ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಹೇಳಿದ್ದು 2004ರಲ್ಲಿ.

ಔಷಧದಂಗಡಿಯ ಹುಡುಗ ಮೊದಲು ತೋರಿಸಿದ್ದು ಬಣ್ಣದ ಡಬ್ಬಿಯ ಹಣ್ಣಿನ ಪಾನೀಯ. ಸಕ್ಕರೆ ತುಂಬಿದ ಇಂಥ ಪಾನೀಯಗಳ ಮೇಲೆ ಒಆರ್‌ಎಸ್ ಎಂಬ ಅಕ್ಷರಗಳನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಅದನ್ನು ಬದಿಗಿಟ್ಟು ಪೊಟ್ಟಣ ಕೇಳಿ ತಂದೆವು.

ಮನೆಯಲ್ಲಿ ತಮ್ಮನ ಸೊಸೆ ಲೀಟರ್ ಅಳತೆಯ ಬಾಟಲಿಯಲ್ಲಿ ಅದನ್ನು ಕಲಸಿ, ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಮಗು ಒಮ್ಮೆ ಕಕ್ಕಿತು. ಅವಳು ಹತ್ತು ನಿಮಿಷ ಕಾದು ಮತ್ತೆ ಶುರುಮಾಡಿದಳು. ತೊಂಬತ್ತು ದಾಟಿದ ಅವ್ವ ಬಾಗಿಲಲ್ಲಿ ಕುಳಿತು ಅದನ್ನೇ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಆಂಟಿಬಯೋಟಿಕ್ ಸಿರಪ್ಪಿನ ಬಾಟಲಿ ಕಿಟಕಿಯ ಮೇಲೆ ಮುಚ್ಚಳ ತೆರೆಯದೆ ಹಾಗೆಯೇ ಇತ್ತು.