ಬೋರ್ಡಿನ ಮೇಲಿರುವ ಟನ್ ಯಾರ ತೂಕ?

ಕಂಪ್ಲಿ ತಾಲ್ಲೂಕಿನ ಮೆಟ್ರಿ ಸುತ್ತಮುತ್ತ ಕಾಲುವೆ ದಾಟುವ ಚಿಕ್ಕ ಸೇತುವೆಗಳಿಗೆ ಲೆಕ್ಕವಿಲ್ಲ. ಅಂಥ ಒಂದರ ಮೋಟುಗೋಡೆಯ ಮೇಲೆ ಅಂಗೈ ಊರಿ ನಿಂತುಕೊಳ್ಳಿ. ತುಂಬಿದ ಟಿಪ್ಪರ್ ದಾಟುವಾಗ ಮೊದಲು ಮುಂದಿನ ಚಕ್ರದ ಸಣ್ಣ ನಡುಕ ಬರುತ್ತದೆ. ಅರೆಕ್ಷಣ ಬಿಟ್ಟು ಹಿಂದಿನ ಎಂಟು ಚಕ್ರ ಒಟ್ಟಿಗೇ ಹತ್ತಿದಾಗ ಬರುವ ನಡುಕ ಮೊಣಕೈವರೆಗೂ ಏರುತ್ತದೆ. ಕೆಳಗೆ ಕಾಲುವೆಯ ನೀರಿನ ಮೇಲೆ ಸಣ್ಣ ಅಲೆ ಎದ್ದು ಅಡಗುತ್ತದೆ. ಇಂಥ ಸೇತುವೆಯ ಮೊದಲಿಗೆ ಕೆಂಪು ಅಂಚಿನ ದುಂಡನೆಯ ಬೋರ್ಡು ಹಾಕುವುದು, ಅದರೊಳಗೆ ಇಷ್ಟು ಟನ್ ಎಂದು ಬರೆಯುವುದು ಯಾಕೆಂದು ಆ ಎರಡನೆಯ ನಡುಕವೇ ಹೇಳುತ್ತದೆ. ಆದರೆ ಆ ಬೋರ್ಡನ್ನು ನಾವು ಓದುವ ರೀತಿಯಲ್ಲೇ ತಪ್ಪಿದೆ. ಲಾರಿ ಓಡಿಸುವವರು, ಲಾರಿಗೆ ಬೈಯುವವರು ಇಬ್ಬರೂ ತಪ್ಪಾಗಿಯೇ ಓದುತ್ತೇವೆ.

ಮೊದಲನೆಯದು, ಬೋರ್ಡಿನಲ್ಲಿರುವ ಟನ್ ಎಂದರೆ ಮಾಲಿನ ತೂಕ ಎಂಬ ನಂಬಿಕೆ. ಹಾಗಲ್ಲ. ಸೇತುವೆಗೆ ಅದಿರೂ ಒಂದೇ, ಎಂಜಿನ್ನೂ ಒಂದೇ. ಗಾಡಿ, ಮಾಲು, ಡೀಸೆಲ್, ಡ್ರೈವರ್, ಕ್ಲೀನರ್ ಎಲ್ಲ ಸೇರಿದ ಒಟ್ಟು ತೂಕವೇ ಆ ಅಂಕಿ. ಹತ್ತು ಚಕ್ರದ ಟಿಪ್ಪರ್ ಖಾಲಿ ಇದ್ದಾಗಲೇ ಸುಮಾರು 10 ಟನ್ ತೂಗುತ್ತದೆ. ಅಂದರೆ 10 ಟನ್ ಬೋರ್ಡಿನ ಸೇತುವೆಗೆ ಅದು ಖಾಲಿಯಾಗಿ ಬಂದರೂ ಗಡಿ ಮುಟ್ಟಿತು.

ಇದರ ಜೊತೆಗೇ ಇನ್ನೊಂದು ಮಾತು ಕೇಳಿಬರುತ್ತದೆ: ‘ನಮ್ ಗಾಡಿ ಪಾಸಿಂಗ್ ಇಪ್ಪತ್ತೆಂಟೈತ್ರಿ, ಎಲ್ಲಿ ಬೇಕಾದ್ರೂ ಹೋಗಬೌದು.’ ಪಾಸಿಂಗ್ ಎನ್ನುವುದು ಗಾಡಿಯ ತಾಕತ್ತು. ಬೋರ್ಡು ಸೇತುವೆಯ ತಾಕತ್ತು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. ರಸ್ತೆ ಅಥವಾ ಸೇತುವೆಯ ಸ್ಥಿತಿ ನೋಡಿ ಇಂಥ ವಾಹನ ಬರಬಾರದು ಎಂದು ತಡೆಯುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆರ್‌ಸಿಯಲ್ಲಿ ಎಷ್ಟೇ ಬರೆದಿದ್ದರೂ ಆ ತಡೆ ಅನ್ವಯಿಸುತ್ತದೆ.

ಪಾಸಿಂಗ್ ಕೂಡ ಹಿಂದಿನಂತಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಿತಿಗಳನ್ನು ಏರಿಸಿತು. ಆರು ಚಕ್ರದ ಲಾರಿಗೆ 16.2 ಟನ್ ಇದ್ದದ್ದು 18.5 ಆಯಿತು. ಹತ್ತು ಚಕ್ರದ್ದು 25ರಿಂದ 28ರ ಆಸುಪಾಸಿಗೆ ಬಂತು, ಅತಿ ದೊಡ್ಡ ಟ್ರೇಲರಿನದು 49ರಿಂದ 55ಕ್ಕೆ ಏರಿತು. ಕಾಗದದ ಮೇಲೆ ಒಂದೇ ದಿನಕ್ಕೆ ಆದ ಕೆಲಸ ಅದು. ನಮ್ಮ ಕಾಲುವೆ ಸೇತುವೆಗಳು ಆ ದಿನ ಒಂದು ಕೆಜಿಯಷ್ಟೂ ಗಟ್ಟಿಯಾಗಲಿಲ್ಲ.

‘ಡಬ್ಬಿ ಅರ್ಧಾನೂ ತುಂಬಿಲ್ಲ, ಓವರ್‌ಲೋಡ್ ಎಲ್ಲಿಂದ ಬಂತು?’ ಸಂಡೂರಿನ ಕಡೆ ಈ ಪ್ರಶ್ನೆ ಪ್ರಾಮಾಣಿಕವಾಗಿಯೇ ಬರುತ್ತದೆ. ಕಂಪ್ಲಿ, ಗಂಗಾವತಿಯ ಭತ್ತದ ಲಾರಿ ನೋಡಿ ಬೆಳೆದ ಕಣ್ಣಿಗೆ ಎತ್ತರವೇ ತೂಕ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಗೆ ಭತ್ತ ಸುರಿದರೆ ಸುಮಾರು 600 ಕೆಜಿ. ಅದೇ ಪೆಟ್ಟಿಗೆಗೆ ಕಬ್ಬಿಣದ ಅದಿರು ಸುರಿದರೆ ಎರಡೂವರೆ ಟನ್ನಿನ ಹತ್ತಿರ, ಅಂದರೆ ನಾಲ್ಕು ಪಟ್ಟು. ಆಕಾಶ ಮುಟ್ಟುವಂತೆ ಕಾಣುವ ಹುಲ್ಲಿನ ಗಾಡಿ ಮಿತಿಯೊಳಗಿರಬಹುದು. ಡಬ್ಬಿಯ ತಳದಲ್ಲಿ ಕೆಂಪಗೆ ಕೂತ ಅದಿರು ಮಿತಿ ದಾಟಿರಬಹುದು. ಮಳೆಗಾಲದಲ್ಲಿ ಅದಿರಿನ ಪುಡಿ ನೀರು ಕುಡಿಯುತ್ತದೆ. 20 ಟನ್ನಿಗೆ ಶೇ 5ರಷ್ಟು ತೇವ ಏರಿದರೆ ಒಂದು ಟನ್ ಹೆಚ್ಚು. ಯಾರೂ ಒಂದು ಬುಟ್ಟಿಯನ್ನೂ ಜಾಸ್ತಿ ಹಾಕಿರುವುದಿಲ್ಲ.

ಇನ್ನು ಎಲ್ಲಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆಗೆ ಬರುತ್ತೇನೆ. ತೂಕ ಸ್ವಲ್ಪ ಹೆಚ್ಚಾದರೆ ರಸ್ತೆ ಸ್ವಲ್ಪ ಹೆಚ್ಚು ಸವೆಯುತ್ತದೆ, ಅಷ್ಟೇ ಎಂಬ ನಂಬಿಕೆ ಅದು. ಇದನ್ನು ಪರೀಕ್ಷಿಸಲೆಂದೇ 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ ಹೊಸದಾಗಿ ರಸ್ತೆಗಳನ್ನು ಮಾಡಿ, ಸೈನಿಕರ ಕೈಯಲ್ಲಿ ಬೇರೆ ಬೇರೆ ತೂಕದ ಲಾರಿಗಳನ್ನು ಓಡಿಸಿ ಓಡಿಸಿ ಆ ರಸ್ತೆಗಳನ್ನು ಹಾಳು ಮಾಡಲಾಯಿತು. ಅಲ್ಲಿ ಸಿಕ್ಕ ಲೆಕ್ಕವನ್ನೇ ಇಂದಿಗೂ ನಮ್ಮ ಎಂಜಿನಿಯರುಗಳು ಬಳಸುತ್ತಾರೆ. ಒಂದು ಆಕ್ಸಲ್ ಮೇಲೆ ಬೀಳುವ ಭಾರ ಎರಡು ಪಟ್ಟಾದರೆ ಹಾನಿ ಎರಡು ಪಟ್ಟಲ್ಲ, ನಾಲ್ಕು ಪಟ್ಟೂ ಅಲ್ಲ, ಸುಮಾರು ಹದಿನಾರು ಪಟ್ಟು. ನಮ್ಮಲ್ಲಿ ನಾಲ್ಕು ಟೈರಿನ ಒಂದು ಆಕ್ಸಲ್‌ಗೆ ಈಗಿನ ಮಿತಿ 11.5 ಟನ್. ಅದರ ಮೇಲೆ 15 ಟನ್ ಹಾಕಿದರೆ ತೂಕ ಹೆಚ್ಚಿದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ. ರಸ್ತೆಗಾದ ಹಾನಿ ಹೆಚ್ಚುಕಡಿಮೆ ಮೂರು ಪಟ್ಟು. ಅಂದರೆ ಹೀಗೆ ತುಂಬಿದ ಒಂದು ಲಾರಿ ಹೋದರೆ, ನಿಯಮದಂತೆ ತುಂಬಿದ ಮೂರು ಲಾರಿ ಹೋದ ಹಾಗೆ. ಹದಿನೈದು ವರ್ಷ ಬಾಳಬೇಕಾದ ರಸ್ತೆ ಐದು ವರ್ಷಕ್ಕೆ ಮುಗಿದರೆ ಗುತ್ತಿಗೆದಾರನನ್ನು ಮಾತ್ರ ಬೈದು ಸುಮ್ಮನಾಗುವಂತಿಲ್ಲ. ಕಾಮಗಾರಿ ಕಳಪೆಯಾಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಚೆನ್ನಾಗಿ ಮಾಡಿದ ರಸ್ತೆಯನ್ನೂ ಈ ಲೆಕ್ಕ ಬಿಡುವುದಿಲ್ಲ.

ಹಾಗಾದರೆ ಮಳೆ? ಮಳೆಗೇ ರಸ್ತೆ ಹಾಳಾಯಿತೆಂದು ಪ್ರತಿ ವರ್ಷ ಹೇಳುತ್ತೇವಲ್ಲ. ನೀರೊಂದೇ ಡಾಂಬರಿಗೆ ಅಷ್ಟು ಬೇಗ ಗುಂಡಿ ಬೀಳಿಸುವುದಿಲ್ಲ. ಕಂಪ್ಲಿ ಕಡೆಯ ಎರೆ ಭೂಮಿಯಲ್ಲಿ ನಡೆದವರಿಗೆ ಇದು ಗೊತ್ತು: ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು, ಮಳೆಯಲ್ಲಿ ಮೊಣಕಾಲವರೆಗೆ ಕೆಸರು. ನೀರು ಕುಡಿದ ಎರೆ ಮಣ್ಣು ಉಬ್ಬುತ್ತದೆ, ಭಾರ ಹೊರುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಮಸಾರಿ ನೆಲ ಇಷ್ಟು ಮೋಸ ಮಾಡುವುದಿಲ್ಲ. ಮೆತ್ತಗಾದ ಎರೆ ಮಣ್ಣಿನ ಮೇಲೆ ತೆಳ್ಳನೆಯ ಡಾಂಬರು, ಅದರ ಮೇಲೆ ಚೆಕ್‌ಪೋಸ್ಟ್ ತಪ್ಪಿಸಲೆಂದು ಒಳದಾರಿ ಹಿಡಿದ ಲಾರಿ. ನೀರು, ಮಣ್ಣು, ಭಾರ ಮೂರೂ ಸೇರಿದಾಗ ಗುಂಡಿ. ಹಳ್ಳಿಯ ರಸ್ತೆಗಳನ್ನು ಮಾಡುವುದೇ ಟ್ರ್ಯಾಕ್ಟರು, ಬಸ್ಸು, ದಿನಕ್ಕೆ ಒಂದಿಷ್ಟು ಲಾರಿ ಎಂಬ ಲೆಕ್ಕದಲ್ಲಿ. ಹೆದ್ದಾರಿ ಬಿಟ್ಟು ಒಳಗೆ ಬಂದ ಸಾಲು ಟಿಪ್ಪರುಗಳನ್ನು ಅದು ಯಾವತ್ತೂ ಎಣಿಸಿರಲಿಲ್ಲ.

ಉದ್ದನೆಯ ಟ್ರೇಲರ್ ಬಂದರೆ ಊರ ಜನ ಸೇತುವೆ ಬಿದ್ದೀತು ಎಂದು ಹೆದರುತ್ತಾರೆ. ಟಿಪ್ಪರ್ ಬಂದರೆ ತಲೆ ಎತ್ತಿಯೂ ನೋಡುವುದಿಲ್ಲ. ಚಿಕ್ಕ ಸೇತುವೆಗಳ ಮಟ್ಟಿಗೆ ಈ ಹೆದರಿಕೆಗೆ ಆಧಾರ ಕಡಿಮೆ. ಉಪಕಾಲುವೆಯ ಮೇಲಿನ 4 ಮೀಟರ್ ಉದ್ದದ ಕಾಂಕ್ರೀಟ್ ಹಲಗೆಯನ್ನು ತೆಗೆದುಕೊಳ್ಳಿ. ಅದರ ಮೇಲೆ ಟ್ರೇಲರಿನ ಅಷ್ಟೂ ಚಕ್ರಗಳು ಒಟ್ಟಿಗೆ ಬರಲು ಜಾಗವೇ ಇಲ್ಲ. ಒಂದು ಸಲಕ್ಕೆ ಅದು ಹೊರುವುದು ಹತ್ತಿರ ಹತ್ತಿರ ಇರುವ ಒಂದು ಗುಂಪು ಆಕ್ಸಲ್‌ಗಳನ್ನು ಮಾತ್ರ. ಟಿಪ್ಪರಿನ ಹಿಂದಿನ ಜೋಡಿ ಆಕ್ಸಲ್‌ಗೆ ಮಿತಿ 21 ಟನ್, ಟ್ರೇಲರಿನ ಹಿಂದಿನ ಮೂರು ಆಕ್ಸಲ್ ಗುಂಪಿಗೆ 27 ಟನ್. ಮೂರು ಆಕ್ಸಲ್‌ಗಳ ಭಾರ ಹರಡಿಕೊಂಡು ಬೀಳುತ್ತದೆ, ಎರಡರದ್ದು ನಡುಮಧ್ಯೆ ಒತ್ತುತ್ತದೆ. ಲೆಕ್ಕ ಹಾಕಿದರೆ ಆ 4 ಮೀಟರ್ ಹಲಗೆಯ ನಡು ಬಾಗುವ ಒತ್ತಡ ಎರಡರಲ್ಲೂ ಹೆಚ್ಚುಕಡಿಮೆ ಸಮ. ಒಂದರ ಒಟ್ಟು ತೂಕ 28, ಇನ್ನೊಂದರದು 55! ಆ ಟಿಪ್ಪರಿಗೆ ಇನ್ನೂ 8 ಟನ್ ಹೇರಿದಿರೋ, ಉದ್ದನೆಯ ಟ್ರೇಲರನ್ನು ಅದು ಹಿಂದೆ ಹಾಕಿಬಿಡುತ್ತದೆ. ದೊಡ್ಡ ನದಿ ದಾಟುವ ಉದ್ದ ಕಮಾನುಗಳಿಗೆ ಒಟ್ಟು ತೂಕವೇ ಮುಖ್ಯ. ಕಾಲುವೆಯ ಹಲಗೆಗೆ ಆಕ್ಸಲ್ಲೇ ಮುಖ್ಯ.

ಸೇತುವೆಯ ಮೇಲೆ ಜೋರಾಗಿ ದಾಟಿಬಿಟ್ಟರೆ ಭಾರ ಬೀಳುವುದಿಲ್ಲ ಎನ್ನುವವರನ್ನೂ ಕಂಡಿದ್ದೇನೆ. ತಲೆಕೆಳಗಾದ ಮಾತು. ಓಡುವ ಗಾಡಿ ಕುಣಿಯುತ್ತದೆ, ಕುಣಿದು ಬಿದ್ದ ಭಾರ ನಿಂತ ಭಾರಕ್ಕಿಂತ ಹೆಚ್ಚು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರ 4 ಮೀಟರಿನ ಕಾಂಕ್ರೀಟ್ ಸೇತುವೆಗೆ ಈ ಹೊಡೆತವನ್ನು ಶೇ 45ರಷ್ಟು ಹೆಚ್ಚುವರಿ ಭಾರವೆಂದು ಹಿಡಿಯುತ್ತದೆ. ಸೇತುವೆಯ ಬಾಯಲ್ಲೇ ಗುಂಡಿ ಇದ್ದರಂತೂ ಹೊಡೆತ ಜೋರು. ನಿಧಾನಕ್ಕೆ, ಮುಂದಿನ ಗಾಡಿಗೆ ಅಂತರ ಬಿಟ್ಟು, ನಡುವೆ ಬ್ರೇಕ್ ಒತ್ತದೆ ದಾಟುವುದೇ ಸರಿ. ಕಮಾನ್ ಪಟ್ಟಿ ಜಾಸ್ತಿ ಹಾಕಿಸಿದರೆ ಗಾಡಿಯ ತಾಕತ್ತು ಹೆಚ್ಚುತ್ತದೆ ಎಂಬುದೂ ಇಂಥದ್ದೇ. ಪಟ್ಟಿ ಹೆಚ್ಚಾದರೆ ಗಾಡಿ ಕುಗ್ಗಿ ಕಾಣುವುದಿಲ್ಲ, ಅಷ್ಟೇ. ಬ್ರೇಕ್ ಅದೇ, ಆಕ್ಸಲ್ ಅದೇ, ಪಾಸಿಂಗ್ ಅದೇ. ಸಂಡೂರಿನ ಗುಡ್ಡದಿಂದ ಇಳಿಯುವಾಗ ಹೆಚ್ಚಿನ ಪ್ರತಿ ಟನ್ನಿನ ಬಿಸಿಯನ್ನೂ ಆ ಅದೇ ಬ್ರೇಕು ನುಂಗಬೇಕು.

‘ಇಷ್ಟು ವರ್ಷ ನಿಂತೈತಿ, ಇನ್ನೇನಾಗ್ತೈತಿ?’ ಹಂಪಿ ಇಲ್ಲೇ ಇರುವುದರಿಂದ ಈ ಮಾತಿಗೆ ನಮ್ಮಲ್ಲಿ ಬಲ ಹೆಚ್ಚು. ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಈಗಲೂ ನಿಂತಿವೆ. ಅವನ್ನು ತೋರಿಸಿ ಹಳೆಯದೇ ಗಟ್ಟಿ ಎನ್ನುತ್ತಾರೆ. ಆ ಕಂಬಗಳ ಮೇಲೆ ಈಗ ದಾರಿಯೇ ಇಲ್ಲ, ಅವು ಏನನ್ನೂ ಹೊರುತ್ತಿಲ್ಲ. ಹಾಗೆಯೇ, 2009ರ ಜನವರಿಯಲ್ಲಿ ಆನೆಗೊಂದಿಯ ಬಳಿ ಕುಸಿದ ಸೇತುವೆಯೂ ಲಾರಿಗಳ ಭಾರಕ್ಕೆ ಬಿದ್ದದ್ದಲ್ಲ. ಅದು ಕಟ್ಟುತ್ತಿದ್ದಾಗಲೇ ಕುಸಿದು ಕೆಲಸಗಾರರ ಜೀವ ತೆಗೆಯಿತು.

ವರ್ಷಗಟ್ಟಲೆ ನಿಂತದ್ದು ನಾಳೆಗೆ ಜಾಮೀನಲ್ಲ ಎಂಬುದಕ್ಕೆ ಬೆಂಗಳೂರಿನ ಪೀಣ್ಯ ಮೇಲ್ಸೇತುವೆ ಸಾಕು. 2021ರ ಡಿಸೆಂಬರ್‌ನಲ್ಲಿ ಅದರ ಎರಡು ಕಂಬಗಳ ನಡುವಿನ ಉಕ್ಕಿನ ಕೇಬಲ್‌ಗಳು ಕೆಟ್ಟಿದ್ದು ಕಂಡು ಇಡೀ ಸೇತುವೆಯನ್ನೇ ಮುಚ್ಚಿದರು. ಮೇಲಿನ ಡಾಂಬರು ನುಣ್ಣಗೇ ಇತ್ತು. 2022ರ ಫೆಬ್ರವರಿಯಲ್ಲಿ ಹಗುರ ವಾಹನಗಳನ್ನು ಬಿಟ್ಟರು. ಲಾರಿ, ಬಸ್ಸುಗಳಿಗೆ ದಾರಿ ಸಿಕ್ಕಿದ್ದು ಭಾರ ಪರೀಕ್ಷೆ ಮುಗಿದು, 2024ರ ಜುಲೈ ಕೊನೆಗೆ. ಅದಾಗಿ ಹತ್ತು ದಿನವೂ ಕಳೆದಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಾಲ್ಕು ದಶಕದ ಸೇತುವೆ. ಅದರ ಜೊತೆ ಒಂದು ಲಾರಿ ನದಿಗೆ ಬಿತ್ತು. ಕತ್ತಲಲ್ಲಿ ನೀರಿನ ನಡುವೆ ಸಿಲುಕಿದ್ದ ಡ್ರೈವರನ್ನು ಜೀವಂತವಾಗಿ ದಡಕ್ಕೆ ತಂದರು. ಆ ಸುದ್ದಿ ಓದಿದಾಗ ನನಗೆ ಕಂಪ್ಲಿ–ಗಂಗಾವತಿ ಸೇತುವೆ ನೆನಪಾಯಿತು. ತುಂಗಭದ್ರಾ ಅಣೆಕಟ್ಟೆಯಿಂದ ಜೋರು ನೀರು ಬಿಟ್ಟಾಗ ಅದು ಮುಳುಗುತ್ತದೆ, ಸಂಚಾರ ನಿಲ್ಲುತ್ತದೆ. ನೀರು ಇಳಿದ ಗಳಿಗೆಗೇ ಗಾಡಿ ಬಿಡಲಿ ಎಂದು ಎರಡೂ ದಡದವರು ಒತ್ತಾಯಿಸುತ್ತಾರೆ, ಕಷ್ಟ ನನಗೂ ಗೊತ್ತು. ಆದರೆ ಪ್ರವಾಹ ಕಂಬದ ಬುಡದ ಮರಳನ್ನು, ಮಣ್ಣನ್ನು ಕೊರೆದು ಒಯ್ದಿರುತ್ತದೆ. ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಬುಡ ನೋಡದೆ ಭಾರದ ಗಾಡಿ ಬಿಡಬಾರದು.

‘ದಂಡ ಕಟ್ಟಿದೆ, ರಸೀದಿ ಐತಿ, ಬಿಡ್ರಿ’ ಎಂಬ ವಾದಕ್ಕೂ ಕಾಯ್ದೆಯಲ್ಲಿ ಜಾಗವಿಲ್ಲ. ಹಿಂದೆ ಕೆಲವು ರಾಜ್ಯಗಳು ಮುಂಗಡ ದುಡ್ಡು ಕಟ್ಟಿಸಿಕೊಂಡು ಕಾರ್ಡು ಕೊಟ್ಟು ಓವರ್‌ಲೋಡ್ ಬಿಡುತ್ತಿದ್ದವು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಸಲ್ಲದು ಎಂದಿತು. 2019ರ ತಿದ್ದುಪಡಿಯ ನಂತರ 194ನೇ ಕಲಮಿನಲ್ಲಿರುವುದು 20 ಸಾವಿರ ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2 ಸಾವಿರ, ಇಳಿಸುವ ಖರ್ಚು ಬೇರೆ. ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಅಲ್ಲಿಂದ ಕದಲುವಂತಿಲ್ಲ. ತೂಕ ಹಾಕಿಸಲು ಒಪ್ಪದೆ ಹೋದರೆ 40 ಸಾವಿರ.

ಕೊನೆಯ ತಪ್ಪು ನಂಬಿಕೆ ನನ್ನನ್ನು ಹೆಚ್ಚು ಕಾಡುವಂಥದ್ದು: ತಪ್ಪೆಲ್ಲ ಡ್ರೈವರನದು ಎಂಬುದು. ಅದಿರಿನ ಭರಾಟೆಯ ದಿನಗಳಲ್ಲಿ ಹೊಸಪೇಟೆ, ಸಂಡೂರು, ಬಳ್ಳಾರಿಯ ರಸ್ತೆಗಳು ಏನಾದವೆಂದು ನೋಡಿದವರು ನಾವು. ಗಣಿ ಅಕ್ರಮಗಳ ಬಗ್ಗೆ 2008ರಲ್ಲೂ 2011ರಲ್ಲೂ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿಗಳಲ್ಲಿ ಮಿತಿ ಮೀರಿದ ಅದಿರು ಸಾಗಣೆಯ ವಿಷಯವೂ ಇತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಸಾವಿರಾರು ಟ್ರಿಪ್ಪುಗಳಲ್ಲಿ ಡಬ್ಬಿಗೆ ಎಷ್ಟು ಸುರಿಯಬೇಕೆಂದು ಹೇಳಿದವನು ಡ್ರೈವರ್ ಆಗಿರಲಿಲ್ಲ. ಬಕೆಟ್ ಎತ್ತುವವನು ಬೇರೆ, ಬಾಡಿಗೆ ಮಾತಾಡುವವನು ಬೇರೆ, ಟನ್ ಲೆಕ್ಕದಲ್ಲಿ ದುಡ್ಡು ಎಣಿಸುವವನು ಬೇರೆ. ಡ್ರೈವರಿಗೆ ಟ್ರಿಪ್ಪಿನ ಬಾಟಾ. ಹಿಡಿದಾಗ ಮಾತ್ರ ಕೆಳಗಿಳಿದು ನಿಲ್ಲುವವನು ಅವನು. ಕಾಯ್ದೆ ಇಲ್ಲಿ ನಮಗಿಂತ ನ್ಯಾಯವಾಗಿದೆ. ಓಡಿಸಿದವನ ಜೊತೆಗೆ ಓಡಿಸಲು ಬಿಟ್ಟವನನ್ನೂ ಅದು ಹೊಣೆ ಮಾಡುತ್ತದೆ. ಡ್ರೈವರ್ ಮಾಲೀಕನಲ್ಲದಿದ್ದರೆ, ಈ ತಪ್ಪು ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನ ಅಪ್ಪಣೆಯಿಂದಲೇ ಆಯಿತೆಂದು ಕೋರ್ಟು ಭಾವಿಸಬಹುದು ಎಂದು 113ನೇ ಕಲಮು ನೇರವಾಗಿ ಹೇಳುತ್ತದೆ.

ಒಮ್ಮೆ ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯ ಡ್ರೈವರ್ ಜೇಬಿನಿಂದ ಕಾಟಾ ಚೀಟಿ ತೆಗೆದು ತೋರಿಸಿದ. ಮೂರು ಸಾಲು: ಒಟ್ಟು, ಖಾಲಿ, ಮಾಲು. ‘ಎಲ್ಲಾರೂ ಕೆಳಗಿನ ಸಾಲು ನೋಡ್ತಾರ್ರಿ, ರೊಕ್ಕ ಅದರಾಗೈತಿ. ನಾನು ಮ್ಯಾಲಿಂದು ನೋಡ್ತೀನಿ’ ಎಂದ. ಕಾಟಾದಿಂದ ಇಳಿದ ಕೂಡಲೇ ಚೀಟಿಯ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡುತ್ತಾನಂತೆ. ಅಲ್ಲಿ ಎರಡು ನೀಲಿ ಗೆರೆ ಬಿದ್ದ ಮೇಲೆಯೇ ಗಾಡಿ ಸ್ಟಾರ್ಟ್ ಮಾಡುವುದು.