ವಸಂತಕಾಲದ ಹಾಡುಹಕ್ಕಿಗಳ ಛಾಯಾಗ್ರಹಣ

ವಸಂತಕಾಲದ ಹಾಡುಹಕ್ಕಿಗಳ ಛಾಯಾಗ್ರಹಣವು ವನ್ಯಜೀವಿ ಛಾಯಾಗ್ರಹಣದ ಒಂದು ಪ್ರಕಾರವಾಗಿದೆ. ಸೂರಕ್ಕಿ, ಬದನಿಕೆ ಹಕ್ಕಿ, ಮಡಿವಾಳ, ಸಿಂಪಿಗ ಮುಂತಾದ ಸಣ್ಣ ಹಕ್ಕಿಗಳನ್ನು ಕಾಲ್ನಡಿಗೆಯಲ್ಲಿ ಸಾಗುತ್ತಾ ಅವುಗಳ ಸಹಜ ನೆಲೆಯಲ್ಲೇ ಚಿತ್ರೀಕರಿಸುವುದು ಇದರ ಲಕ್ಷಣ. ಈ ಋತು ಹಲವು ಹಕ್ಕಿಗಳ ಸಂತಾನೋತ್ಪತ್ತಿಯ ಕಾಲವೂ ಆಗಿರುವುದರಿಂದ, ಚಿತ್ರೀಕರಣದಿಂದ ಹಕ್ಕಿಗಳಿಗಾಗುವ ತೊಂದರೆಯು ಈ ಹವ್ಯಾಸದ ಮುಖ್ಯ ಪ್ರಶ್ನೆಯಾಗಿದೆ.

ಇತಿಹಾಸ

ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡಿನ ಛಾಯಾಚಿತ್ರವನ್ನು ತೆಗೆದರು. ಅವರನ್ನು ಈ ಕ್ಷೇತ್ರದ ಆದ್ಯರಲ್ಲಿ ಎಣಿಸಲಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ವನ್ಯಜೀವಿ ಛಾಯಾಗ್ರಾಹಕರಾಗಿ ಖ್ಯಾತರಾದರು. ಮೂಡಿಗೆರೆಯಲ್ಲಿ ನೆಲೆಸಿದ್ದ ಸಾಹಿತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರೂ (1938–2007) ಹಕ್ಕಿಗಳ ಛಾಯಾಗ್ರಹಣದಲ್ಲಿ ತೊಡಗಿದ್ದರು.

ಋತು ಮತ್ತು ನೆಲೆ

ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಮುತ್ತುಗ ಮತ್ತು ಬೂರುಗದ ಮರಗಳು ಎಲೆ ಉದುರಿಸಿ ಹೂ ಬಿಡುತ್ತವೆ. ಮಕರಂದಕ್ಕಾಗಿ ಬರುವ ಸೂರಕ್ಕಿ, ಪಿಕಳಾರಗಳು ಎಲೆಗಳ ಮರೆಯಿಲ್ಲದೆ ಕಾಣುತ್ತವೆ. ಗಂಡು ನೇರಳೆ ಸೂರಕ್ಕಿ ಈ ಕಾಲದಲ್ಲಿ ಹೊಳೆಯುವ ಕಡುನೀಲಿ ಗರಿಗಳನ್ನು ಹೊಂದಿರುತ್ತದೆ. ಗಂಡು ಮಡಿವಾಳ ಮುಂಜಾನೆ ಎತ್ತರದ ಬಯಲು ಕೊಂಬೆಯ ಮೇಲೆ ಕುಳಿತು ಹಾಡುತ್ತದೆ. ಚಳಿಗಾಲದ ವಲಸಿಗನಾದ ಹಸಿರು ಉಲಿಯಕ್ಕಿ ಉತ್ತರಕ್ಕೆ ಮರಳುವ ಮುನ್ನ ಈ ಅವಧಿಯಲ್ಲೂ ಕಾಣಸಿಗುತ್ತದೆ.

ತಂತ್ರ

ಸೂರಕ್ಕಿಗಳ ಉದ್ದ ಸುಮಾರು 10 ಸೆಂ.ಮೀ. ಮಾತ್ರ. ಆದುದರಿಂದ 300ರಿಂದ 600 ಮಿ.ಮೀ. ನಾಭಿದೂರದ ಮಸೂರಗಳು ಬಳಕೆಯಲ್ಲಿವೆ. ಹಕ್ಕಿಗಳು ಒಂದೆಡೆ ನಿಲ್ಲದಿರುವುದರಿಂದ ಸೆಕೆಂಡಿನ 1/1000 ಭಾಗ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಶಟರ್ ವೇಗ ಬೇಕಾಗುತ್ತದೆ. ಕೊಂಬೆಯ ಮೇಲೆ ಕುಳಿತು ಹಾಡುವ ಹಕ್ಕಿಗೆ ಇದಕ್ಕಿಂತ ನಿಧಾನದ ವೇಗವೂ ಸಾಕು. ಸಂಗಮವನ್ನು ಸಾಮಾನ್ಯವಾಗಿ ಹಕ್ಕಿಯ ಕಣ್ಣಿನ ಮೇಲೆ ಇರಿಸಲಾಗುತ್ತದೆ. ಸೂರಕ್ಕಿಯ ಲೋಹದಂಥ ಹೊಳಪು ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಪ್ರತಿಫಲಿಸುವ ಬಗೆಯಿಂದ ಉಂಟಾಗುತ್ತದೆ. ಹೀಗಾಗಿ ಬೆಳಕು ಬೀಳುವ ಕೋನ ಬದಲಾದರೆ ಅದೇ ಹಕ್ಕಿ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಹಕ್ಕಿಯನ್ನು ಹಿಂಬಾಲಿಸುವುದಕ್ಕಿಂತ ಅದು ಮತ್ತೆ ಮತ್ತೆ ಬಂದು ಕೂರುವ ಕೊಂಬೆ ಅಥವಾ ಹೂಗೊಂಚಲನ್ನು ಗುರುತಿಸಿ ದೂರದಲ್ಲಿ ಕಾಯುವ ವಿಧಾನ ಹೆಚ್ಚು ಫಲಕಾರಿ.

ನೈತಿಕತೆ ಮತ್ತು ಕಾನೂನು

ಗೂಡು ಸ್ಪಷ್ಟವಾಗಿ ಕಾಣಲೆಂದು ಎಲೆ–ರೆಂಬೆಗಳನ್ನು ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗಳಂಥ ಶತ್ರುಗಳ ಕಣ್ಣಿಗೂ ಒಡ್ಡಲ್ಪಡುತ್ತವೆ. ಎಲೆಗಳನ್ನೇ ಹೊಲಿದು ಗೂಡು ಕಟ್ಟುವ ಸಿಂಪಿಗದ ವಿಷಯದಲ್ಲಿ ಇದು ಗೂಡಿನ ನಾಶಕ್ಕೇ ಕಾರಣವಾಗಬಹುದು. ಧ್ವನಿಮುದ್ರಿತ ಹಾಡನ್ನು ನುಡಿಸಿ ಹಕ್ಕಿಯನ್ನು ಹತ್ತಿರ ಸೆಳೆಯುವ ಪದ್ಧತಿಯೂ ವಿವಾದಾತ್ಮಕ. ಪ್ರತಿಸ್ಪರ್ಧಿ ಬಂದಿದೆಯೆಂದು ಭಾವಿಸುವ ಗಂಡು, ಆಹಾರ ಸಂಗ್ರಹ ಮತ್ತು ಮರಿಗಳ ಪೋಷಣೆಗೆ ಮೀಸಲಾದ ಸಮಯವನ್ನು ತನ್ನ ಕ್ಷೇತ್ರದ ರಕ್ಷಣೆಯಲ್ಲಿ ಕಳೆಯುತ್ತದೆ. ಹಕ್ಕಿ ಎಡೆಬಿಡದೆ ಎಚ್ಚರಿಕೆಯ ಕೂಗು ಹಾಕುವುದು, ಕೊಕ್ಕಿನಲ್ಲಿ ಆಹಾರ ಹಿಡಿದೂ ಗೂಡಿಗೆ ಹೋಗದಿರುವುದು ಛಾಯಾಗ್ರಾಹಕ ಹಿಂದೆ ಸರಿಯಬೇಕೆಂಬುದರ ಸೂಚನೆಗಳು.

ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯು ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನೂ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆಪಡಿಸುವುದನ್ನೂ ಒಳಗೊಂಡಿದೆ.

ಉಪಯೋಗ

ದಿನಾಂಕ ಮತ್ತು ಸ್ಥಳದ ವಿವರವಿರುವ ಚಿತ್ರಗಳು ಪ್ರಭೇದವನ್ನು ಗುರುತಿಸಲು ಹಾಗೂ ವಲಸೆಯ ಕಾಲವನ್ನು ದಾಖಲಿಸಲು ನೆರವಾಗುತ್ತವೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಇಬರ್ಡ್ ಜಾಲತಾಣವು ಹವ್ಯಾಸಿಗಳ ಇಂತಹ ಚಿತ್ರಗಳನ್ನು ವೀಕ್ಷಣಾ ದಾಖಲೆಗಳ ಜೊತೆಗೆ ಸಂಗ್ರಹಿಸುತ್ತದೆ.